ಚಪ್ಪೆ ಎಂದ ನಾಲಗೆ

"ಎಲ್ಲಿ, ನನ್ನ ಮುಖ ನೋಡಿ ಹೇಳ್ರಿ... ಹನ್ನೆರಡನೇ ನಂಬರು ಚಪ್ಪೆ ಐತಿ ಅಂತ!"

ತನುಶ್ರೀ ಬೆಚ್ಚಿ ತಲೆಯೆತ್ತಿದಳು.

ಕಾಕ್ಕನಾಡಿನ ಆ ಮಸಾಲೆ ಕಂಪನಿಯ ರುಚಿ ಕೋಣೆಯಲ್ಲಿ ಯಾರೂ ದನಿಯೆತ್ತಿ ಮಾತಾಡುವ ಹಾಗಿಲ್ಲ. ಸೆಂಟು ಹಾಕಿಕೊಂಡು ಬರುವ ಹಾಗಿಲ್ಲ, ಮಲ್ಲಿಗೆ ಮುಡಿಯುವ ಹಾಗಿಲ್ಲ, ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ಬರುವ ಹಾಗಂತೂ ಇಲ್ಲವೇ ಇಲ್ಲ. ಅಂಥ ಕೋಣೆಗೆ ಈ ಮನುಷ್ಯ ಬೆವರು ಸುರಿಸಿಕೊಂಡು, ಮಣ್ಣು ಮೆತ್ತಿದ ಚೀಲ ಹೊತ್ತುಕೊಂಡು ನುಗ್ಗಿದ್ದ!

ಅದೂ ಹೋಗಲಿ... ಕನ್ನಡದಲ್ಲಿ ಬೈಯುತ್ತಿದ್ದ! ಮೈಸೂರು ಬಿಟ್ಟು ಕೊಚ್ಚಿಗೆ ಬಂದ ಈ ಮೂರು ವರ್ಷಗಳಲ್ಲಿ ಅವಳನ್ನು ಕನ್ನಡದಲ್ಲಿ ಬೈದವರೇ ಇರಲಿಲ್ಲ.

"ತಾವು ಯಾರು?"

"ವಿನಾಯಕ್. ತಿರುವನಂತಪುರದಿಂದ ಬಂದೀನಿ, ಶ್ರೀಕಾರ್ಯಂನಾಗ ಗೆಡ್ಡೆ ಬೆಳಿ ಸಂಶೋಧನಾ ಕೇಂದ್ರದಾಗ ಅದೀನಿ. ಊರು ಗದಗ. ಆ ಹನ್ನೆರಡನೇ ನಂಬರಿನ ಮರಗೆಣಸು ನಂದ್ರಿ! ಮೂರು ವರ್ಷ ಅದರ ಬೆನ್ನ ಹತ್ತೀನಿ. ನೀವು ಎರಡ ಮಾತಿನ್ಯಾಗ ಮುಗಿಸಿಬಿಟ್ರಿ. 'ಚಪ್ಪೆ. ಪರಿಮಳವಿಲ್ಲ.'"

ತನುಶ್ರೀ ಕೈಲಿದ್ದ ಹಾಳೆಯನ್ನು ಮಗುಚಿಟ್ಟಳು.

ವಿಷಯ ಇಷ್ಟೇ. ಕಂಪನಿಯವರು ಮಸಾಲೆ ಹಚ್ಚಿದ ಮರಗೆಣಸನ್ನು ಪ್ಯಾಕೆಟ್ ಮಾಡಿ ಮಾರಲು ಹೊರಟಿದ್ದರು. ಅದಕ್ಕೆ ಹದಿನೈದು ಹೊಸ ತಳಿಗಳು ಬಂದಿದ್ದವು. ಮೊದಲ ಸೋಸುವಿಕೆ ತನುಶ್ರೀ ಒಬ್ಬಳದೇ. ಅವಳು ಸರಿ ಎಂದದ್ದು ಮಾತ್ರ ಹತ್ತು ಜನರ ದೊಡ್ಡ ಪರೀಕ್ಷೆಗೆ ಹೋಗುತ್ತಿತ್ತು. ಹನ್ನೆರಡನೆಯದು ಹೋಗಲಿಲ್ಲ.

"ನನ್ನ ನಾಲಗೆಗೆ ಅನ್ನಿಸಿದ್ದನ್ನ ಬರೆದಿದ್ದೀನಿ ಸರ್," ಎಂದಳು.

ಅವನು ಅವಳನ್ನೇ ಒಂದು ಗಳಿಗೆ ನೋಡಿದ. ಬಂದ ಸಿಟ್ಟು ಹಾಗೇ ಇಳಿದುಹೋಯಿತು. ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದು ಕೂತ.

"ನಿಮ್ಮ ನಾಲಿಗಿ ಬಗ್ಗೆ ನಿಮ್ಮ ಮುಖ್ಯಸ್ಥೆ ಜಾಯ್ಸ್ ಮೇಡಂ ಹೇಳ್ಯಾರ. ಕಾಳುಮೆಣಸು ಬಾಯಾಗ ಹಾಕ್ಕೊಂಡ್ರ ಯಾವ ಊರಿಂದು ಅಂತ ಹೇಳ್ತೀರಂತ. ಅಂಥವ್ರು ಚಪ್ಪೆ ಅಂದ್ರ... ಚಪ್ಪೆನ ಇರಬೇಕು ಬಿಡ್ರಿ. ಹೆತ್ತವ್ರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಂಗ ಆಗಿತ್ತು ನಂದು. ಸಿಟ್ಟಾಗಬ್ಯಾಡ್ರಿ."

ಅಯ್ಯೋ ದೇವರೇ! ಇವನು ಇನ್ನೂ ನಾಲ್ಕು ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಯಾಕೆಂದರೆ ತನುಶ್ರೀಗೆ ವಾಸನೆ ಬರುತ್ತಿರಲಿಲ್ಲ.

ಜನವರಿಯಲ್ಲಿ ಒಂದು ಜ್ವರ ಬಂದಿತ್ತು. ಐದು ದಿನದಲ್ಲಿ ಬಿಟ್ಟುಹೋಯಿತು. ಆರನೆಯ ದಿನ ಬೆಳಿಗ್ಗೆ ಫಿಲ್ಟರ್ ಕಾಫಿ ಬಾಯಿಗಿಟ್ಟಳು... ಬಿಸಿ ಇತ್ತು, ಕಹಿ ಇತ್ತು, ಸಿಹಿ ಇತ್ತು, ಕಾಫಿ ಮಾತ್ರ ಇರಲಿಲ್ಲ! 'ನಾಳೆ ಸರಿಹೋಗುತ್ತೆ' ಅಂದುಕೊಂಡಳು. ನಾಳೆ ನಾಳೆ ಎನ್ನುತ್ತಾ ಮೇ ತಿಂಗಳು ಬಂದಿತ್ತು.

ಉಪ್ಪು, ಹುಳಿ, ಸಿಹಿ, ಕಹಿ ಗೊತ್ತಾಗುತ್ತಿತ್ತು. ಖಾರ ಉರಿಯುತ್ತಿತ್ತು. ಹಳೆಯ ನೆನಪಿನ ಬಲದಿಂದ, ಹಳೆಯ ಹಾಳೆಗಳನ್ನು ತಿರುವಿ ಹಾಕಿ ಹೇಗೋ ನಿಭಾಯಿಸುತ್ತಿದ್ದಳು. ಆದರೆ ಬೇಯಿಸಿದ ಮರಗೆಣಸಿನ ರುಚಿಯೆಲ್ಲ ಘಮದಲ್ಲೇ ಅಲ್ಲವೇ? ಅವಳ ಬಾಯಿಗೆ ಅದು ಚಪ್ಪೆಯೇ ಆಗಿತ್ತು. ಚಪ್ಪೆ ಎಂದು ಬರೆದಳು.

'ಹೇಳಿಬಿಡು ತನು... ಈಗಲೇ ಹೇಳಿಬಿಡು!' ಎಂದಿತು ಮನಸ್ಸು. ಹೇಳಿದರೆ ಈ ಕುರ್ಚಿ ಹೋಗುತ್ತದೆ. ಮೈಸೂರಿನಲ್ಲಿ ಓದಿದ್ದು, ಮೆಚ್ಚಿ ಹಿಡಿದದ್ದು, ಹೆಸರು ಮಾಡಿದ್ದು ಎಲ್ಲವೂ ಈ ಕುರ್ಚಿಯೇ. ಬಾಯಲ್ಲಿ ಬಿಸಿತುಪ್ಪ! ನುಂಗುವುದೋ, ಉಗುಳುವುದೋ?

ಅವಳು ನುಂಗಿದಳು.

ಮೂರನೇ ದಿನ ಅವನ ಫೋನ್ ಬಂತು.

"ಪರಿಮಳ ಅಂದ್ರ ಯಾವ ಥರದ್ದು ಬೇಕಿತ್ರಿ? ಹೇಳಿದ್ರ ಮುಂದಿನ ತಳಿಗೆ ಉಪಯೋಗ ಆಗ್ತದ."

ಅವಳು ಪುಸ್ತಕದಲ್ಲಿದ್ದದ್ದನ್ನು ಒಪ್ಪಿಸಿದಳು. ಫೋನಿಟ್ಟ ಮೇಲೆ ನಾಚಿಕೆಯಾಯಿತು. ಪಾಪದ ಮನುಷ್ಯ, ಇನ್ನೊಮ್ಮೆ ಮಾಡಿದರೆ ಚೆನ್ನಾಗಿ ಮಾತಾಡಬೇಕು ಅಂದುಕೊಂಡಳು. ಅವನು ಮಾಡಿದ. ಮತ್ತೆ ಮಾಡಿದ. ನಾಲ್ಕನೆಯ ಸಲಕ್ಕೆ ಮರಗೆಣಸು ಮಾತಿನಿಂದ ಕಣ್ಮರೆಯಾಗಿತ್ತು.

"ತನುಶ್ರೀಯವರ, 'ರೊಟ್ಟಿ ಜಾರಿ ತುಪ್ಪಕ್ಕ ಬಿತ್ತು' ಅಂತಾರಲ್ಲ, ಅದು ಹೆಂಗ ಹುಟ್ಟಿತು ಗೊತ್ತೈತೇನ್ರಿ?"

"ಹೇಗೆ? ರೊಟ್ಟಿ ಜಾರಿರುತ್ತೆ!"

"ಅಷ್ಟ ಸುಲಭ ಅಲ್ರೀ! ನಮ್ಮವ್ವ ಹೇಳ್ತಾಳ... ಮನ್ಯಾಗ ತುಪ್ಪ ಚೂರ ಇದ್ದ ಕಾಲಕ್ಕ, ಇನ್ನಷ್ಟ ಹಾಕ್ರಿ ಅಂತ ಕೇಳಾಕ ಸೊಸಿಗೆ ನಾಚಿಕಿ. ರೊಟ್ಟಿ ತಾನ ಕೈಜಾರಿ ತುಪ್ಪದ ಬಟ್ಟಲಕ್ಕ ಬಿದ್ರ ಯಾರೂ ಬೈಯಂಗಿಲ್ಲ! ಕೇಳದ ಸಿಕ್ಕ ಭಾಗ್ಯಕ್ಕ ಅದಕ್ಕ ಈ ಮಾತು ಅಂತ."

"ಅಂದರೆ ಆ ಸೊಸೆ ಬೇಕಂತಲೇ ಬೀಳಿಸಿದಳು ಅನ್ನಿ."

"ಮತ್ತ! ನಮ್ಮ ಮುತ್ತಜ್ಜಿನ ಇರಬೇಕು ಅಕಿ."

ತನುಶ್ರೀ ಬಿದ್ದು ಬಿದ್ದು ನಕ್ಕಳು. ಜನವರಿಯಿಂದ ಅವಳು ಹಾಗೆ ನಕ್ಕಿರಲಿಲ್ಲ. ಊಟ ಸಪ್ಪೆಯಾದರೆ ಇಡೀ ದಿನವೇ ಸಪ್ಪೆ, ಯಾರು ಕರೆದರೂ ಹೊರಗೆ ತಿನ್ನಲು ಹೋಗುತ್ತಿರಲಿಲ್ಲ. ಈಗ ಮಾತ್ರ ಸಂಜೆಯಾಯಿತೆಂದರೆ ಫೋನು ಕೈಗೆ ತಾನಾಗಿ ಬರುತ್ತಿತ್ತು.

'ಇವನಿಗೆ ಸುಳ್ಳು ಹೇಳಿಕೊಂಡು ಇವನ ಜೊತೆಗೇ ನಗ್ತಿದ್ದೀಯಲ್ಲೇ...' ಎಂದು ಮನಸ್ಸು ಚುಚ್ಚಿದಾಗಲೆಲ್ಲ ಅದನ್ನು ಗದರಿಸಿ ಕೂರಿಸುತ್ತಿದ್ದಳು.

ಜೂನ್ ತಿಂಗಳ ಎರಡನೇ ಭಾನುವಾರ ಅವನು ಅವಳನ್ನು ತಿರುವನಂತಪುರಕ್ಕೆ ಕರೆದ. ಗಾದೆ ಊಟಕ್ಕೆ!

ಹೀಗೊಂದು ಪದ್ಧತಿ ಅಲ್ಲಿನ ಏಳೆಂಟು ಮಂದಿ ಕನ್ನಡಿಗರದು. ಚಾಲೈ ಬಜಾರಿನ ಹಿಂದಿನ ಗಲ್ಲಿಯಲ್ಲಿ ಚಂದ್ರಾವತಿ ಎಂಬುವರಿದ್ದಾರೆ. ಕಾಸರಗೋಡಿನವರು, ಬ್ಯಾಂಕಿನಿಂದ ನಿವೃತ್ತರು, ಒಂಟಿ ಜೀವ, ಬಾಯಿ ಮಾತ್ರ ಹತ್ತು ಮಂದಿಗಾಗುವಷ್ಟು. ತಿಂಗಳಿಗೊಮ್ಮೆ ಅವರ ಮನೆಗೆ ಒಬ್ಬೊಬ್ಬರೂ ಒಂದೊಂದು ತಿನಿಸು ಹೊತ್ತು ತರಬೇಕು. ಆ ತಿನಿಸಿಗೊಂದು ಗಾದೆಯೋ ನುಡಿಗಟ್ಟೋ ಇರಬೇಕು. ತಿಂದವರು ಅದನ್ನು ಕಂಡುಹಿಡಿಯಬೇಕು, ತಂದವರು ಅದು ಹುಟ್ಟಿದ ಬಗೆ ಹೇಳಬೇಕು. ಹೇಳಲಾಗದಿದ್ದರೆ ಪಾತ್ರೆ ತೊಳೆಯಬೇಕು!

ಚಾಲೈಯ ಗಲ್ಲಿಯಲ್ಲಿ ಮೂಟೆ ಮೂಟೆ ಒಣಮೆಣಸು, ಇಂಗು, ಬೆಲ್ಲ. ತನುಶ್ರೀಯ ಕಣ್ಣು ಉರಿಯಿತು, ಮೂಗು ಸೋರಿತು. ಅಷ್ಟೇ. ಪಕ್ಕದಲ್ಲಿ ನಡೆಯುತ್ತಿದ್ದ ವಿನಾಯಕ್, "ಆಹಾ, ಏನ್ ವಾಸ್ನಿ!" ಎಂದ. ಅವಳು "ಹೌದು," ಎಂದಳು.

ಚಂದ್ರಾವತಿ ಎಲ್ಲರನ್ನೂ ಕೂರಿಸಿ, ಬೆಚ್ಚಗಿನ ಹಾಲಿನ ಪಾತ್ರೆ ನಡುವೆ ಇಟ್ಟು, ಅರ್ಧ ನಿಂಬೆಹಣ್ಣು ಹಿಂಡಿದರು. ಹಾಲು ನೋಡನೋಡುತ್ತಲೇ ಒಡೆಯಿತು.

"ಹುಳಿ ಹಿಂಡೋದು!" ಎಂದು ಎಲ್ಲರೂ ಕೂಗಿದರು.

"ಅದೇ. ಯಾವ ಪಂಡಿತ ಕೂತು ಬರೆದದ್ದಲ್ಲ ಮಾರಾಯ್ರೆ ಇದು, ಒಲೆ ಮುಂದೆ ಕೂತ ಯಾವಳೋ ಹಾಲು ಕೆಟ್ಟ ಸಂಕಟಕ್ಕೆ ಹೇಳಿದ್ದು. ಆದ್ರೆ ನಮ್ಮಜ್ಜಿ ಒಡೆದ ಹಾಲು ಚೆಲ್ತಿರಲಿಲ್ಲ. ಬೆಲ್ಲ ಹಾಕಿ ಕಾಯಿಸಿ ನಮಗೆ ಕೊಡ್ತಿದ್ರು. ಎಂತಾ ರುಚಿ ಗೊತ್ತುಂಟಾ! ಅದಕ್ಕೆ ಮಾತ್ರ ಯಾರೂ ಗಾದೆ ಕಟ್ಟಲಿಲ್ಲ ನೋಡಿ."

ಆಮೇಲೆ ವಿನಾಯಕ್ ತನ್ನ ಪಾತ್ರೆಯ ಮುಚ್ಚಳ ತೆಗೆದ. ಬೇಯಿಸಿದ ಮರಗೆಣಸು, ಪಕ್ಕದಲ್ಲಿ ಗಾಂಧಾರಿ ಮೆಣಸಿನ ಚಟ್ನಿ.

ಇಡೀ ಕೋಣೆ ಒಮ್ಮೆಲೇ "ಆಹಾ!" ಎಂದಿತು.

"ಎಂತ ಹಾಕಿದ್ದೀಯಾ ಇದಕ್ಕೆ? ತುಪ್ಪವಾ?"

"ಇಲ್ಲ, ಹಸಿ ಕಡಲೆಕಾಯಿ ಬೇಯಿಸಿದ ಹಾಗಿದೆ ಘಮ!"

"ಏನೂ ಹಾಕಿಲ್ರಿ, ಬರೇ ಉಪ್ಪು," ಎಂದ ವಿನಾಯಕ್. "ನನ್ನ ಗಾದಿ, 'ಕೈ ಕೆಸರಾದರೆ ಬಾಯಿ ಮೊಸರು'. ಇದು ನನ್ನ ಹನ್ನೆರಡನೇ ನಂಬರು. ಇವತ್ತ ಇದರ ಕಡೀ ಊಟ. ನಾಳೆ ಸೋಮವಾರ ಕಿತ್ತಿಸಿ, ನಾಟಿಗೆ ಇಟ್ಟ ಕಡ್ಡಿನೂ ಸುಡಿಸ್ತೀನಿ. ಪರೀಕ್ಷಾದಾಗ ಚಪ್ಪೆ ಅಂತ ಬಂತು."

"ಚಪ್ಪೆಯಾ?" ಚಂದ್ರಾವತಿಗೆ ರೇಗಿಹೋಯಿತು. "ಯಾರು ಮಾರಾಯ ಹೇಳಿದ್ದು? ಅವರ ಮೂಗು ಬಿದ್ದುಹೋಗಿದೆಯಾ?"

ಎಲ್ಲರೂ ಘೊಳ್ಳೆಂದು ನಕ್ಕರು. ವಿನಾಯಕ್ ನಗಲಿಲ್ಲ. "ಹಂಗನಬ್ಯಾಡ್ರಿ ಅಕ್ಕಾ. ನೀವು ನನ್ನ ಮ್ಯಾಲಿನ ಪ್ರೀತಿಗೆ ಹೊಗಳ್ತೀರಿ. ಆ ನಾಲಿಗಿ ಸುಳ್ಳ ಹೇಳಂಗಿಲ್ಲ."

ಎಂದವನು ತನುಶ್ರೀಯ ಹೆಸರೆತ್ತಲಿಲ್ಲ. ಅವಳ ಕಡೆ ನೋಡಿ ಮೆಲ್ಲಗೆ ನಕ್ಕ, ಅಷ್ಟೇ.

ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯಿತು ಅವಳಿಗೆ. ತುತ್ತು ಬಾಯಲ್ಲೇ ಉಳಿಯಿತು. ಕೈತೊಳೆಯುವ ನೆಪ ಮಾಡಿ ಹಿತ್ತಿಲಿಗೆ ಓಡಿದಳು. ಅವನು ಹಿಂದೆಯೇ ಬಂದ.

"ಯಾಕ್ರಿ? ಖಾರ ಹತ್ತಿತೇನು? ನೀರು ತರ್ಲಾ?"

"ವಿನಾಯಕ್... ಆ ಕಡ್ಡಿ ಸುಡಬೇಡಿ."

"ಏನಂದ್ರಿ?"

"ನನಗೆ ವಾಸನೆ ಬರಲ್ಲ!" ಅವಳು ಅತ್ತುಬಿಟ್ಟಳು. "ಜನವರಿಯಿಂದ... ಜ್ವರ ಬಂದಾಗಿನಿಂದ... ನಿಮ್ಮ ಗೆಣಸು ಚಪ್ಪೆ ಅಲ್ಲ, ಚಪ್ಪೆ ಆಗಿರೋದು ನಾನು! ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಲಿಲ್ಲ. ನಿಮಗೂ ಹೇಳಲಿಲ್ಲ."

ಅವನು ಒಂದು ಹೆಜ್ಜೆ ಹಿಂದಿಟ್ಟ.

"ಅಂದ್ರ... ದಿನಾ ಫೋನ್ ಎತ್ತಿ ನನ್ನ ಹುಚ್ಚ ಮಾತು ಕೇಳಿದ್ದು... ಆ ತಪ್ಪಿಗೇನು? ಪಾಪ ಅನ್ನಿಸಿ?"

"ಮೊದಲು ಹೌದು, ಆದರೆ ಆಮೇಲೆ..."

ಆಮೇಲೆ ಎಂಬುದನ್ನು ಕೇಳಲು ಅವನು ನಿಲ್ಲಲಿಲ್ಲ. ಅವನಿಗೆ 'ಹೌದು' ಎಂಬುದೇ ಸಾಕಾಗಿತ್ತು. ಹಿತ್ತಿಲ ಬಾಗಿಲಿನಿಂದಲೇ ಹೊರಟುಹೋದ. ಒಳಗೆ ಅವನ ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಆರಿತು.

ಸೋಮವಾರ ಬೆಳಿಗ್ಗೆ ತನುಶ್ರೀ ಮಾಡಿದ ಮೊದಲ ಕೆಲಸ ಜಾಯ್ಸ್ ಮೇಡಂ ಎದುರು ನಿಂತು ಎಲ್ಲವನ್ನೂ ಹೇಳಿದ್ದು. ಇನ್ನು ನುಂಗುವುದಕ್ಕೆ ಅವಳಲ್ಲಿ ತ್ರಾಣವಿರಲಿಲ್ಲ.

ಮಂಗಳೂರಿನ ಜಾಯ್ಸ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಐದು ತಿಂಗಳು ತನುಶ್ರೀ! ಜ್ವರ ಬಂದದ್ದು ನಿನ್ನ ತಪ್ಪಲ್ಲ. ಆದ್ರೆ ಒಂದು ಮಾತು ನನ್ನ ಹತ್ರ ಹೇಳ್ಲಿಕ್ಕೆ ಆಗ್ಲಿಲ್ವಾ? ನೀನು ನೋಡಿದ್ದನ್ನೆಲ್ಲ ಈಗ ಪುನಃ ನೋಡ್ಬೇಕಲ್ವಾ ನಾವು?"

"ಕ್ಷಮಿಸಿ ಮೇಡಂ. ಹನ್ನೆರಡನೇ ನಂಬರಿಂದ ಶುರು ಮಾಡಿ, ದಯವಿಟ್ಟು. ಶ್ರೀಕಾರ್ಯಂಗೆ ಇವತ್ತೇ ತಿಳಿಸಿ."

ಕೆಲಸ ಹೋಗಲಿಲ್ಲ, ಕುರ್ಚಿ ಹೋಯಿತು. ರುಚಿ ಕೋಣೆಯ ಕೀಲಿಯನ್ನು ಕೊಟ್ಟು, ದಾಖಲೆ ವಿಭಾಗದ ಮೂಲೆಯ ಮೇಜಿಗೆ ಬಂದು ಕೂತಳು. ಅವಳಿಂದಾಗಿ ಎರಡು ವಾರ ಹೆಚ್ಚು ದುಡಿಯಬೇಕಾದ ಸಹೋದ್ಯೋಗಿಗಳು ಮುಖ ತಿರುಗಿಸಿದರು. ತಿರುಗಿಸಲಿ ಬಿಡಿ, ತಪ್ಪು ಅವಳದೇ ತಾನೆ.

ಆದರೆ ಆ ಮಧ್ಯಾಹ್ನ ಒಂದು ಸಂಗತಿ ನಡೆಯಿತು. ಡಬ್ಬಿಯ ಮೊಸರನ್ನಕ್ಕೆ ನೆಲ್ಲಿಕಾಯಿ ಉಪ್ಪಿನಕಾಯಿ ಕಲಸಿ ಬಾಯಿಗಿಟ್ಟಳು... ತಣ್ಣಗಿತ್ತು. ಮೊಸರು ಹುಳಿಯಾಗಿತ್ತು. ಉಪ್ಪು ನಾಲಗೆಯ ಅಂಚಿಗೆ ಚುರುಕ್ಕೆಂದು, ನೆಲ್ಲಿಯ ಒಗರು ಹಲ್ಲಿಗಂಟಿ, ನೀರು ಕುಡಿದರೆ ಆ ನೀರೂ ಸಿಹಿ! ಇಷ್ಟು ದಿನ ಹೋದದ್ದನ್ನೇ ಹುಡುಕುತ್ತಾ ಉಣ್ಣುತ್ತಿದ್ದಳು. ಇದ್ದದ್ದರ ಕಡೆ ತಿರುಗಿಯೂ ನೋಡಿರಲಿಲ್ಲ. ಇಷ್ಟಾದರೂ ಉಳಿಸಿಕೊಟ್ಟೆಯಲ್ಲಪ್ಪಾ ದೇವರೇ ಎಂದು ಡಬ್ಬಿಯ ಮುಂದೆ ಕೂತೇ ಕೈಮುಗಿದಳು.

ಡಾಕ್ಟರ ಬಳಿಗೂ ಹೋದಳು. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ, ಎರಡು ಹೊತ್ತೂ ಮೂಸುವ ಅಭ್ಯಾಸ. "ಬರಬಹುದು, ಬರದೆಯೂ ಇರಬಹುದು," ಎಂದರು ಡಾಕ್ಟರು. ಅವಳು ತಲೆಯಾಡಿಸಿ ಬಂದಳು.

ಹನ್ನೆರಡನೇ ನಂಬರು ದೊಡ್ಡ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮೇಲೆ ಬಂತು. ಆ ಕಾಗದವನ್ನು ಫೈಲಿಗೆ ಸೇರಿಸಿದವಳು ತನುಶ್ರೀಯೇ. ವಿನಾಯಕನಿಂದ ಕಂಪನಿಗೆ ಎರಡು ಸಾಲಿನ ಮೇಲ್ ಬಂತು. ಧನ್ಯವಾದಗಳು, ಇಂತಿ. ಅವಳಿಗೆ ಫೋನ್ ಬರಲಿಲ್ಲ. ಅವಳು ಕಳಿಸಿದ ಮೆಸೇಜಿಗೆ ಉತ್ತರವೂ ಬರಲಿಲ್ಲ.

'ಗೆಣಸು ಗೆದ್ದಿತಲ್ಲ, ಸಾಕು...' ಎಂದುಕೊಂಡಳು. ಸಾಕಾಗಿರಲಿಲ್ಲ! ಸಂಜೆಯಾದರೆ ಫೋನು ನೋಡುವ ಚಟ ಬಿಟ್ಟಿರಲಿಲ್ಲ.

ಮೂರು ವಾರಗಳ ಮೇಲೆ, ಒಂದು ಶನಿವಾರ ಸಂಜೆ ಐದಕ್ಕೆ, ಅದು ರಿಂಗಾಯಿತು.

"ಕಾಕ್ಕನಾಡಿನ ವಾಟರ್ ಮೆಟ್ರೋ ಜೆಟ್ಟಿ ಹತ್ರ ಅದೀನ್ರಿ. ಲಗೂನ ಬರ್ರಿ. ಕಲಸಿಟ್ರ ಮೆತ್ತಗಾಗಿಬಿಡ್ತದ!"

ಏನು ಕಲಸುವುದು, ಏನು ಮೆತ್ತಗಾಗುವುದು? ಒಂದೂ ತಿಳಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆಟೋ ಹತ್ತಿದಳು.

ಅವನು ನೀರಿನೆದುರು ಬೆಂಚಿನ ಮೇಲೆ ನಾಲ್ಕೈದು ಡಬ್ಬಿ ಹರಡಿಕೊಂಡು ಕೂತಿದ್ದ. ಮೂಗಿನ ಎರಡೂ ಬದಿ ಕೆಂಪಗೆ ಬಾತಿತ್ತು.

"ಮೂಗಿಗೇನಾಯ್ತು?" ಎಂದಳು ಗಾಬರಿಯಾಗಿ. ಜಗಳ, ಕ್ಷಮೆ, ಎಲ್ಲ ಮರೆತುಹೋಗಿತ್ತು.

ಅವನು ಜೇಬಿನಿಂದ ಈಜುವವರು ಮೂಗಿಗೆ ಹಾಕುವ ಕ್ಲಿಪ್ ತೆಗೆದು ತೋರಿಸಿದ.

"ಸಿಟ್ಟಿನಿಂದ ಶುರು ಮಾಡಿದ್ದು. ಅದೆಂಗ ನನ್ನ ಬೆಳಿ ಚಪ್ಪೆ ಅಂತ ಬರೀತಾಳ ನೋಡೇಬಿಡೂಣು ಅಂತ... ಮೂಗು ಬಂದ್ ಮಾಡ್ಕೊಂಡು ಹನ್ನೆರಡನೇದು ತಿಂದೆ." ಅವನು ತಲೆ ತಗ್ಗಿಸಿದ. "ತನುಶ್ರೀ... ಚಪ್ಪೆನ ಇತ್ರಿ."

ಅವಳು ಬೆಂಚಿನ ತುದಿಯಲ್ಲಿ ಕೂತಳು.

"ಒಂದು ವಾರ ಹಂಗ ಉಂಡೆ. ಚಾ ಬಿಸಿನೀರು, ಅನ್ನ ರದ್ದಿ ಕಾಗದ. ನಮ್ಮವ್ವ ಕಳಿಸಿದ ಅಗಸಿ ಚಟ್ನಿ ಪುಡಿ ಕಟಗಿ ಹೊಟ್ಟಾಗಿತ್ತು. ಏಳನೇ ದಿನ ಕ್ಲಿಪ್ ಕಿತ್ತಿ ಒಗದು ಆ ಪುಡಿ ಮೂಸಿದೆ ನೋಡ್ರಿ... ತಾಟಿನ ಮುಂದ ಕೂತು ಅತ್ತುಬಿಟ್ಟೆ. ಮೂವತ್ತು ವರ್ಷ ಉಂಡೀನಿ, ಒಂದಿನಾನೂ ಚಲೋ ಆಗೈತಿ ಅಂತ ಅವ್ವಗ ಹೇಳಿದ್ದಿಲ್ಲ. ಅವತ್ತ ಫೋನ್ ಮಾಡಿ ಹೇಳಿದೆ. ನನಗೇನೋ ಆಗೇತಿ ಅಂತ ಅಕಿ ಗಾಬರಿಯಾದ್ಲು!"

ತನುಶ್ರೀ ಅಳುತ್ತಲೇ ನಕ್ಕಳು.

"ನನಗ ಕ್ಲಿಪ್ ತಗೀಲಿಕ್ಕೆ ಬರ್ತಿತ್ತು," ಎಂದ ಅವನು ಮೆಲ್ಲಗೆ. "ನಿಮಗ ಬರಂಗಿಲ್ಲ. ಆರು ತಿಂಗಳು ಒಬ್ಬಾಕಿನ ಹೆಂಗ ಉಂಡ್ರಿ? ನಾನೋ, 'ಪಾಪ ಅನ್ನಿಸಿ ಮಾತಾಡಿದ್ರೇನು' ಅಂತ ಕೇಳಿ ಓಡಿಬಂದೆ. ಮಾರಿ ತೋರ್ಸಾಕ ನಾಚಿಕಿ ಆಗಿತ್ರಿ, ಅದಕ್ಕ ಫೋನ್ ಮಾಡ್ಲಿಲ್ಲ. ಬರೋದಾದ್ರ ಕೈಯಾಗ ಏನಾರ ಹಿಡ್ಕೊಂಡ ಹೋಗಬೇಕು ಅಂತ..."

ಅವನು ಡಬ್ಬಿಗಳನ್ನು ತೆರೆದ. ಗರಿಗರಿ ಮಂಡಕ್ಕಿ. ತುರಿದ ಮಾವಿನಕಾಯಿ. ಹುಣಸೆ ಬೆಲ್ಲದ ಗೊಜ್ಜು. ಹೆಚ್ಚಿದ ಗಾಂಧಾರಿ ಮೆಣಸು, ಹುರಿಗಡಲೆ, ತಣ್ಣನೆಯ ಸೌತೆಕಾಯಿ. ತಮ್ಮೂರಿನ ಗಿರ್ಮಿಟ್ ಅನ್ನು ಅವಳೆದುರೇ ಸರಸರನೆ ಕಲಸಿದ.

"ಮೂಗಿಗೆ ಕ್ಲಿಪ್ ಹಾಕ್ಕೊಂಡ ಕಲಿತೀನಿ. ಒಂಬತ್ತ ಸಲ ಮಾಡಿ ಚೆಲ್ಲೀನಿ. ಇದರಾಗ ಮೂಗಿಗೆ ಏನೂ ಇಲ್ಲ, ಎಲ್ಲಾ ನಾಲಿಗಿಗೆ, ಹಲ್ಲಿಗೆ. ತಿನ್ರಿ... ಲಗೂನ!"

ಅವಳು ಬಾಯಿಗಿಟ್ಟಳು. ಮಂಡಕ್ಕಿ ಕರುಂ ಎಂದಿತು. ಹುಳಿಗೆ ಕಣ್ಣು ತಾನಾಗಿ ಮುಚ್ಚಿತು, ಬೆಲ್ಲ ಬಂತು, ಉಪ್ಪು ಬಂತು, ಸೌತೆಯ ತಂಪು ಬಂತು, ಆಮೇಲೆ ಗಾಂಧಾರಿ ಮೆಣಸು ಕಿವಿಯವರೆಗೆ ಹತ್ತಿತು! ಏನೂ ಕಳೆದುಹೋಗಿರಲಿಲ್ಲ. ಒಂದು ತುತ್ತು ಪೂರ್ತಿ, ತುಂಬಿ, ಅವಳಿಗೆಂದೇ ಅಳತೆ ಮಾಡಿದ್ದು. ಆರು ತಿಂಗಳಲ್ಲಿ ಮೊದಲ ಸಲ ಅವಳು ಎರಡನೇ ತುತ್ತಿಗೆ ಕೈಚಾಚಿದಳು.

"ಹೆಂಗೈತ್ರಿ? ಖರೇ ಹೇಳ್ರಿ."

"ಹುಳಿ... ಒಂದು ಚೂರು ಜಾಸ್ತಿ."

"ಖರೇನ?" ಅವನ ಮುಖ ಅರಳಿತು.

"ಖರೇನೇ. ಉಳಿದದ್ದೆಲ್ಲ ಎಷ್ಟು ಚೆನ್ನಾಗಿದೆ ಅಂದರೆ... ಅವತ್ತು ನೀವು ಕೇಳದೇ ಹೋದಿರಲ್ಲ, ಆಮೇಲೆ ಅಂತ... ಆಮೇಲೆ ನಿಮ್ಮ ಫೋನ್ ಬರದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಅದನ್ನೇ ಹೇಳೋದಿತ್ತು. ನೀವಂದ್ರೆ ನನಗೆ ತುಂಬಾ ಇಷ್ಟ ವಿನಾಯಕ್."

ಅವನು ಅಂಟಂಟು ಕೈಯನ್ನು ಒರೆಸಿಕೊಳ್ಳಲೂ ಮರೆತು ಅವಳ ಕೈ ಹಿಡಿದ.

"ನನಗೂ ರೀ. ಭಾಳ."

ದೋಣಿಯೊಂದು ಬಂದು ಜನರನ್ನಿಳಿಸಿ ಹೋಯಿತು. ಇಬ್ಬರೂ ಏಳಲಿಲ್ಲ.

"ವಾಸನೆ ಬರದೇ ಹೋಗಬಹುದು ಅಂದಿದ್ದಾರೆ ಡಾಕ್ಟರು," ಎಂದಳು ಅವಳು ಸಣ್ಣಗೆ. "ಯಾವತ್ತೂ ಬರದಿದ್ದರೆ?"

"ಒಗ್ಗರಣಿ ಸೀದ್ರ ನಾ ಹೇಳ್ತೀನಿ. ಉಪ್ಪು ಹೆಚ್ಚಾದ್ರ ನೀವ ಹೇಳ್ರಿ."

"ದಿನಾನಾ?"

"ದಿನಾ. ಎರಡೂ ಹೊತ್ತು."